ಇಸುಬು: ಅಂಜಿಕೆ ಬೇಡ, ಆರೈಕೆ ಬೇಕು



ಕಳೆದ ವರ್ಷ ಮಾಘ ಮಾಸದಲ್ಲಿ ಬಂಧುಗಳ ಮನೆಯ ಕಾರ್ಯವೊಂದರ ನಿಮಿತ್ತ ಮಟಮಾರಿಗೆ ಹೋಗಿದ್ದೆನು. ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ಮಂತ್ರಾಲಯಂ ರೋಡ್ ನಿಲ್ದಾಣಕ್ಕೆ ಮೊದಲೇ ಸಿಗುವ ಊರು ಅದು. ಊಟ ಮುಗಿದು, ಬಂದವರೆಲ್ಲ ಪಡಸಾಲೆಯಲ್ಲಿ ಅಡ್ಡಾದ ಮೇಲೆ, ಮನೆಯ ಹಿರಿಯ ತಾಯಿಯೊಬ್ಬರು ನನ್ನನ್ನು ಒಳಕೋಣೆಗೆ ಕರೆದರು. ಅಲ್ಲಿ ಅವರ ಸೊಸೆ ಹತ್ತು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕೂಸಿನ ಎರಡೂ ಕೈಗಳಿಗೆ ಬಟ್ಟೆಯ ಚೀಲ ಕಟ್ಟಲಾಗಿತ್ತು. ಎರಡು ಕೆನ್ನೆಗಳೂ ಕೆಂಪೇರಿ, ಅಲ್ಲಲ್ಲಿ ನೀರು ಜಿನುಗಿ, ಹಕ್ಕಳೆ ಕಟ್ಟಿದ್ದವು. ಕೈಗಳು ಕಟ್ಟಿದ್ದುದರಿಂದ ಕೂಸು ತನ್ನ ಕೆನ್ನೆಯನ್ನು ತಾಯಿಯ ಸೀರೆಗೆ ಉಜ್ಜುತ್ತಿತ್ತು. ಆ ತಾಯಿಯ ಕಣ್ಣುಗಳನ್ನು ನೋಡಿದರೆ ಅವಳು ಅನೇಕ ರಾತ್ರಿಗಳಿಂದ ಮಲಗಿಲ್ಲವೆಂದು ಯಾರಾದರೂ ಹೇಳಬಹುದಾಗಿತ್ತು.

ಹಿರಿಯ ತಾಯಿ ಬಾಗಿಲು ಮುಂದಕ್ಕೆ ಸರಿಸಿ, ದನಿ ತಗ್ಗಿಸಿ ಕೇಳಿದರು: “ಶಾಸ್ತ್ರಿಗಳ, ನೀವು ಓದಿದವರು. ಖರೆ ಹೇಳ್ರಿ. ಇದು ದೊಡ್ಡ ರೋಗ ಅಲ್ಲಲ್ರೀ?”

‘ದೊಡ್ಡ ರೋಗ’ವೆಂದರೆ ನಮ್ಮ ಕಡೆ ಏನರ್ಥವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಡದ ಮೇಲೆ ನಾಲ್ಕು ಬಗೆಯ ಮುಲಾಮಿನ ಕೊಳವೆಗಳು, ಒಂದು ಸೀಸೆ ಕಪ್ಪು ಎಣ್ಣೆ, ಮಂತ್ರಿಸಿ ಕೊಟ್ಟ ದಾರ ಇವೆಲ್ಲ ಸಾಲಾಗಿ ಇದ್ದವು. ಆದರೆ ಮೂರು ತಿಂಗಳಿನಿಂದ ಆ ಕೂಸನ್ನು ಚರ್ಮರೋಗದ ವೈದ್ಯರಿಗೆ ಮಾತ್ರ ತೋರಿಸಿರಲಿಲ್ಲ. ತೋರಿಸಿದರೆ ಅವರು ಏನು ಹೆಸರು ಹೇಳಿಬಿಡುವರೋ ಎಂಬ ಅಂಜಿಕೆಯೇ ಅದಕ್ಕೆ ಕಾರಣ.

ನಾನು ವೈದ್ಯನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿಕೊಂಡವನು. ಆದರೆ ಈ ಅಂಜಿಕೆಯನ್ನು ನಾನು ಬಲ್ಲೆ. ಅದರಲ್ಲಿ ನನ್ನ ಪಾಲೂ ಉಂಟು. ಆ ದಿನದಿಂದ ಈ ವಿಷಯವನ್ನು ಬಲ್ಲ ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡುದನ್ನು ಈ ತಿಂಗಳ ಅಂಕಣದಲ್ಲಿ ನಿಮ್ಮೆದುರು ಇಡುತ್ತಿದ್ದೇನೆ.

ಒಂದು ಹಳೆಯ ನೆನಪು

1970ರ ದಶಕದ ಮಾತು. ಪಾಠಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಓದುತ್ತಿದ್ದ ಬಾಲಕನೊಬ್ಬನಿದ್ದನು. ಅವನ ಮೊಣಕಾಲಿನ ಹಿಂಬದಿ, ಮೊಣಕೈಯ ಮಡಿಕೆ, ಕುತ್ತಿಗೆ ಇಲ್ಲೆಲ್ಲ ಚರ್ಮವು ದಪ್ಪಗಾಗಿ ಕಪ್ಪಿಟ್ಟಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ಕೆರೆದುಕೊಳ್ಳುವ ಸಪ್ಪಳ ಕತ್ತಲಲ್ಲಿ ಕೇಳಿಸುತ್ತಿತ್ತು. ಯಾರೋ ಒಬ್ಬರು ಅದು ಅಂಟುವ ರೋಗವೆಂದರು. ಮತ್ತೊಬ್ಬರು ಕೇರಿನ ಬೀಜದ ಎಣ್ಣೆ ಹಚ್ಚಿದರೆ ಸುಟ್ಟು ಹೋಗುವುದೆಂದರು. ಕೇರಿನ ಎಣ್ಣೆಯೆಂದರೆ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ರಸ. ಒಳ್ಳೆಯ ಚರ್ಮವನ್ನೇ ಬೊಬ್ಬೆ ಎಬ್ಬಿಸುವ ವಸ್ತು ಅದು. ಅದನ್ನು ಒಡೆದ ಚರ್ಮಕ್ಕೆ ಹಚ್ಚಿದರು. ಹುಡುಗನು ಎಂಟು ದಿನ ನಡೆಯದಾದನು. ಆ ಮೇಲೆ ಪಂಕ್ತಿಯಲ್ಲಿ ಅವನಿಗೆ ಕೊನೆಯಲ್ಲಿ ಬೇರೆ ಜಾಗ ಗೊತ್ತಾಯಿತು. ಹಾಗೆ ಮಾಡಿರೆಂದು ಹಿರಿಯರು ಯಾರೂ ಆಜ್ಞಾಪಿಸಿರಲಿಲ್ಲ. ಒಬ್ಬೊಬ್ಬ ಹುಡುಗನೂ ತನ್ನ ತಟ್ಟೆಯನ್ನು ಒಂದೊಂದು ಗೇಣು ಆಚೆ ಸರಿಸಿದನು, ಅಷ್ಟೆ. ಮೊದಲು ಸರಿಸಿದವನು ನಾನು, ಏಕೆಂದರೆ ಅವನ ಪಕ್ಕದಲ್ಲಿದ್ದವನು ನಾನೇ. ಮುಂದಿನ ರಜೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಅವನಿಗಿದ್ದುದು ಇಸುಬು ಎಂಬುದನ್ನು ಇಂದು ನಿಸ್ಸಂಶಯವಾಗಿ ಹೇಳಬಲ್ಲೆ. ಅದು ಯಾರಿಗೂ ಅಂಟುತ್ತಿರಲಿಲ್ಲ.

ಹೆಸರಿನಿಂದ ಹುಟ್ಟಿದ ಭಯ

ಈ ಭಯಕ್ಕೆ ನಮ್ಮ ಭಾಷೆಯೂ ಸ್ವಲ್ಪ ಮಟ್ಟಿಗೆ ಕಾರಣವೆಂದು ನನಗೆ ತೋರುತ್ತದೆ. ಆಯುರ್ವೇದದ ಚರಕಸಂಹಿತೆಯಲ್ಲಿ ‘ಕುಷ್ಠ’ವೆಂಬುದು ಒಂದೇ ರೋಗದ ಹೆಸರಲ್ಲ. ಚರ್ಮದ ವಿಕಾರಗಳನ್ನೆಲ್ಲ ಒಟ್ಟಾಗಿ ಹೇಳುವ ದೊಡ್ಡ ಮಾತು ಅದು. ಅದರಲ್ಲಿ ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಹೀಗೆ ಹದಿನೆಂಟು ಬಗೆ. ಇಂದು ನಾವು ಇಸುಬು ಎನ್ನುವುದಕ್ಕೆ ಬಹಳ ಹತ್ತಿರದ್ದಾದ ‘ವಿಚರ್ಚಿಕಾ’ ಎಂಬುದು ಕ್ಷುದ್ರಕುಷ್ಠಗಳಲ್ಲಿ ಒಂದು. ಇಲ್ಲಿ ‘ಕ್ಷುದ್ರ’ವೆಂದರೆ ಕೀಳೆಂದಲ್ಲ, ಕಿರಿದು ಎಂದರ್ಥ. ಶಾಸ್ತ್ರಕಾರರು ವಿವೇಚನೆಯಿಂದ ಬೇರ್ಪಡಿಸಿ ಇಟ್ಟುದನ್ನು ಕಾಲಾಂತರದಲ್ಲಿ ಜನರ ಬಾಯಿ ಒಂದುಗೂಡಿಸಿತು. ಕುಷ್ಠವೆಂದರೆ ಒಂದೇ ಅರ್ಥ ಉಳಿಯಿತು. ಹಾಗಾಗಿ ಕೂಸಿನ ಕೆನ್ನೆಯ ಮೇಲಿನ ಕೆಂಪಿಗೂ ಅದೇ ನಡುಕ.

ಇವೆರಡನ್ನೂ ಬೇರ್ಪಡಿಸುವ ಲಕ್ಷಣವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಕುಷ್ಠರೋಗದ ಮಚ್ಚೆಯು ಸಾಮಾನ್ಯವಾಗಿ ತುರಿಸುವುದಿಲ್ಲ. ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ, ಚುಚ್ಚಿದರೂ ಬಿಸಿ ತಾಗಿದರೂ ತಿಳಿಯುವುದಿಲ್ಲ. ಇಸುಬಿನ ಲಕ್ಷಣವೇ ತುರಿಕೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮೈ ಕಡಿತ. ತುರಿಕೆಯಿಲ್ಲದ ಇಸುಬು ಇಲ್ಲ. ಇನ್ನು ಕುಷ್ಠರೋಗವಾದರೂ ಇಂದು ಅಂಜಬೇಕಾದುದಲ್ಲ. 1873ರಲ್ಲಿ ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು ಅದರ ರೋಗಾಣುವನ್ನು ಕಂಡುಹಿಡಿದನು. ಇಂದು ಅದನ್ನು ಪೂರ್ಣವಾಗಿ ಗುಣಪಡಿಸುವ ಬಹುಔಷಧ ಚಿಕಿತ್ಸೆಯು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. 2019ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ಕಾನೂನುಗಳನ್ನು ತಿದ್ದಿ, ಕುಷ್ಠರೋಗದ ಕಾರಣದಿಂದ ವಿಚ್ಛೇದನ ಕೇಳುವ ಅವಕಾಶವನ್ನೇ ತೆಗೆದುಹಾಕಿತು. ಕುಷ್ಠರೋಗದ ಬಗ್ಗೆಯೇ ಕಾನೂನು ಇಷ್ಟು ಬದಲಾಗಿರುವಾಗ, ಇಸುಬಿಗಾಗಿ ಬಾಗಿಲು ಮುಚ್ಚಿ ಪಿಸುಗುಟ್ಟುವುದು ಎಷ್ಟು ಸರಿ?

ಚರ್ಮವೆಂಬ ಗೋಡೆ

ಇಸುಬು ಎಂದರೇನು? ಇಂಗ್ಲಿಷಿನವರು ಅದನ್ನು ಎಕ್ಸಿಮಾ ಎನ್ನುತ್ತಾರೆ. ಅದು ಗ್ರೀಕ್ ಭಾಷೆಯ ಮಾತು. ಕುದಿದು ಉಕ್ಕುವುದು ಎಂದು ಅದರರ್ಥ. ಹೆಸರು ನೋಟಕ್ಕೆ ಸರಿಯಾಗಿದೆ. ಆದರೆ ಕಾರಣವನ್ನು ತಿಳಿಯಬೇಕಾದರೆ ನಮ್ಮ ಹಳೆಯ ಮಾಳಿಗೆಯ ಮನೆಗಳನ್ನು ನೆನೆಯುವುದು ಒಳಿತು.

ಕಲ್ಲಿನ ಮೇಲೆ ಕಲ್ಲಿಟ್ಟು, ನಡುವೆ ಕೆಸರು ಮಣ್ಣು ತುಂಬಿ ಗೋಡೆ ಕಟ್ಟುತ್ತಿದ್ದರು. ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ನಡುವಿನ ಮಣ್ಣು ಉದುರಿದರೆ ಒಳಗಿನ ತಂಪು ಹೊರಗೆ, ಹೊರಗಿನ ಮಳೆ, ಇರುವೆ, ಚೇಳು ಒಳಗೆ. ನಮ್ಮ ಚರ್ಮದ ಮೇಲ್ಪದರವೂ ಹಾಗೆಯೇ ಇದೆ. ಒಣಗಿದ ಚಪ್ಪಟೆ ಜೀವಕೋಶಗಳು ಕಲ್ಲಿನಂತೆ. ಅವುಗಳ ನಡುವೆ ಇರುವ ಜಿಡ್ಡು ಕೆಸರಿನಂತೆ. ಕೆಲವರಿಗೆ ಹುಟ್ಟಿನಿಂದಲೇ ಈ ಗೋಡೆ ಸ್ವಲ್ಪ ಸಡಿಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಅವರ ಸಹೋದ್ಯೋಗಿಗಳು ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿರುವವರಿಗೆ ಇಸುಬು ಬರುವ ಸಂಭವ ಹೆಚ್ಚೆಂದು ತೋರಿಸಿಕೊಟ್ಟರು. ಇಸುಬುಳ್ಳ ಎಲ್ಲರಲ್ಲಿಯೂ ಈ ದೋಷವಿರುವುದಿಲ್ಲ. ದೋಷವಿದ್ದವರಿಗೆಲ್ಲ ಇಸುಬು ಬರುವುದೂ ಇಲ್ಲ. ಆದರೆ ರೋಗದ ಬೇರು ರಕ್ತ ಕೆಡುವುದರಲ್ಲಿಲ್ಲ, ಪಾಪಕರ್ಮದಲ್ಲಿಲ್ಲ, ತಾಯಿಯ ಹೊಲಸಿನಲ್ಲಂತೂ ಇಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಗೋಡೆ ಸಡಿಲವಾದಾಗ ಚರ್ಮದೊಳಗಿನ ತೇವ ಆರಿಹೋಗುತ್ತದೆ. ಹೊರಗಿನ ಧೂಳು, ಸಾಬೂನು, ರೋಗಾಣುಗಳು ಒಳನುಗ್ಗುತ್ತವೆ. ದೇಹದ ಕಾವಲುಪಡೆ ಎಚ್ಚತ್ತು ಹೋರಾಡತೊಡಗುತ್ತದೆ. ಆ ಹೋರಾಟವೇ ಕೆಂಪು, ಬಾವು, ತುರಿಕೆ. ತುರಿಸಿದರೆ ಗೋಡೆ ಮತ್ತಷ್ಟು ಒಡೆಯುತ್ತದೆ. ಒಡೆದಷ್ಟೂ ತುರಿಕೆ ಹೆಚ್ಚುತ್ತದೆ. ಈ ಚಕ್ರವನ್ನು ನಿಲ್ಲಿಸುವುದೇ ಚಿಕಿತ್ಸೆಯ ಸಾರ.

ಕೂಸುಗಳಲ್ಲಿ ಇದು ಕೆನ್ನೆ, ನೆತ್ತಿಗಳಲ್ಲಿ ಮೊದಲು ಕಾಣಿಸುತ್ತದೆ. ಬೆಳೆದ ಮಕ್ಕಳಲ್ಲಿ ಮೊಣಕೈ, ಮೊಣಕಾಲಿನ ಮಡಿಕೆಗಳಿಗೆ ಇಳಿಯುತ್ತದೆ. ದೊಡ್ಡವರಲ್ಲಿ ಕೈ, ಕುತ್ತಿಗೆ, ಕಣ್ಣಿನ ಸುತ್ತ ನಿಲ್ಲುತ್ತದೆ. ಅಂಥವರ ಮನೆತನದಲ್ಲಿ ದಮ್ಮು, ನೆಗಡಿ ಸೀನುಗಳ ಬಾಧೆ ಇರುವುದುಂಟು. ಬಹುಪಾಲು ಮಕ್ಕಳಲ್ಲಿ ವಯಸ್ಸಿನೊಡನೆ ಇದು ತಾನಾಗಿ ತಗ್ಗುತ್ತ ಹೋಗುತ್ತದೆ. ಆದರೆ ಒಣ ಚರ್ಮದ ಸ್ವಭಾವ ಉಳಿಯಬಹುದು. ಆದುದರಿಂದ ‘ಬುಡಸಹಿತ ಕಿತ್ತೊಗೆಯುತ್ತೇವೆ’ ಎನ್ನುವವರ ಮಾತನ್ನು ನಂಬಬಾರದು. ಗೋಡೆಯನ್ನು ಒಮ್ಮೆ ಕಟ್ಟಿ ಬಿಟ್ಟರೆ ಸಾಲದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿದಂತೆ, ಕಾಲಕಾಲಕ್ಕೆ ಮೆತ್ತುತ್ತ ಇರಬೇಕು.

ನಮ್ಮ ಸೀಮೆಯ ಕಾರಣಗಳು

ರಾಯಚೂರು ಬಿಸಿಲಿನ ನಾಡು. ಬೇಸಿಗೆಯಲ್ಲಿ ಬೆವರು ಕುತ್ತಿಗೆ, ಮಡಿಕೆಗಳಲ್ಲಿ ನಿಂತು ತುರಿಕೆ ಎಬ್ಬಿಸುತ್ತದೆ. ಮಾಗಿಯ ಒಣಗಾಳಿ ತೇವ ಹೀರುತ್ತದೆ. ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ನೊರೆ ಬರುವುದಿಲ್ಲವೆಂದು ನಾವು ಸಾಬೂನನ್ನು ಇಮ್ಮಡಿ ಉಜ್ಜುತ್ತೇವೆ. ಚರ್ಮದ ಜಿಡ್ಡೆಲ್ಲ ಅದರೊಡನೆ ಹರಿದುಹೋಗುತ್ತದೆ.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ದಿನವಿಡೀ ನೀರಿನಲ್ಲಿ ನಿಂತು ನಾಟಿ ಮಾಡುವ ಹೆಣ್ಣುಮಕ್ಕಳ ಕೈಕಾಲುಗಳು ಒಡೆಯುತ್ತವೆ. ಗೊಬ್ಬರ, ಕೀಟನಾಶಕಗಳು ಆ ಬಿರುಕುಗಳಲ್ಲಿ ಇಳಿಯುತ್ತವೆ. ಗೌಂಡಿ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಕೈಗಳ ಇಸುಬನ್ನು ತರುತ್ತದೆ. ರಬ್ಬರಿನ ಚಪ್ಪಲಿಯ ಪಟ್ಟಿ ಪಾದದ ಮೇಲೆ ತನ್ನ ಆಕಾರದಲ್ಲಿಯೇ ಇಸುಬನ್ನು ಬರೆಯುತ್ತದೆ. ಅಗ್ಗದ ಓಲೆ, ಸರಗಳಲ್ಲಿರುವ ನಿಕ್ಕಲ್ ಕಿವಿ, ಕೊರಳುಗಳಲ್ಲಿ ಅದನ್ನೇ ಮಾಡುತ್ತದೆ. ಇವನ್ನು ಸ್ಪರ್ಶದ ಇಸುಬು ಎನ್ನುತ್ತಾರೆ. ಕಾರಣವಾದ ವಸ್ತುವನ್ನು ದೂರವಿಟ್ಟರೆ ಅರ್ಧ ಚಿಕಿತ್ಸೆ ಮುಗಿದಂತೆ.

ಇದರಲ್ಲಿ ನಮ್ಮ ರೈತರನ್ನು ಬಹಳವಾಗಿ ಕಾಡಿದುದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. 1955–56ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಕಳೆಯು ಕೆಲವೇ ದಶಕಗಳಲ್ಲಿ ಕರ್ನಾಟಕದ ಬೀಳುಭೂಮಿ, ರಸ್ತೆಯ ಬದಿ, ರೈಲು ಹಳಿಗಳ ಪಕ್ಕವನ್ನೆಲ್ಲ ಆಕ್ರಮಿಸಿತು. ಅದರಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಒಣಗಿದ ಎಲೆ, ಹೂವಿನ ಪುಡಿಯ ಮೂಲಕ ಗಾಳಿಯಲ್ಲಿ ಹಾರಿ ಬಂದು ಮುಖ, ಕಣ್ಣೆವೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಮುಖವು ಆನೆಯ ಚರ್ಮದಂತೆ ದಪ್ಪಗಾಗಿ ಕಪ್ಪಿಟ್ಟರೆ ಇದನ್ನು ಸಂಶಯಿಸಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಕಳೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಹೊರಬಿಟ್ಟಿತು. ಆದರೂ ಕಳೆ ಅಳಿದಿಲ್ಲ. ಹೂವು ಬಿಡುವ ಮುನ್ನವೇ, ಕೈಗೆ ಚೀಲ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೇರುಸಹಿತ ಕೀಳಬೇಕು. ಒಣಗಿಸಿ ಬೆಂಕಿ ಹಚ್ಚಬಾರದು. ಹಚ್ಚಿದರೆ ಹೊಗೆ, ಪುಡಿಯೊಡನೆ ಅದೇ ದ್ರವ್ಯ ಊರೆಲ್ಲ ಹರಡೀತು. ಈಗಾಗಲೇ ಬಾಧೆಯುಳ್ಳವರು ಕೀಳುವ ಕೆಲಸಕ್ಕೆ ಹೋಗಲೇಬಾರದು.

ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದೆರಡು ಮಾತುಗಳನ್ನೂ ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ. ಕೊರಳಿನ ಶಿವದಾರವು ಬೆವರಿನಿಂದ ನೆನೆದು ಒರಟಾದರೆ ಕುತ್ತಿಗೆಯ ಇಸುಬು ಕೆರಳುತ್ತದೆ. ಅಂಥವರು ಮೃದುವಾದ ಹತ್ತಿಯ ದಾರವನ್ನು ಬಳಸಿ, ಮೇಲಿಂದ ಮೇಲೆ ತೊಳೆದು ಒಣಗಿಸಿಕೊಳ್ಳಬೇಕು. ಬೆಳ್ಳಿಯೆಂದು ಕೊಂಡ ಕರಡಿಗೆಯಲ್ಲಿ ಬೆರಕೆ ಲೋಹವಿದ್ದರೆ ಅದೂ ಎದೆಯ ಮೇಲೆ ತುರಿಕೆಗೆ ಕಾರಣವಾದೀತು. ಭಸ್ಮವು ಕ್ಷಾರಗುಣದ್ದು, ಆರೋಗ್ಯವಂತ ಚರ್ಮವು ಮಂದ ಆಮ್ಲಗುಣದ್ದು. ಒಡೆದು ನೀರು ಜಿನುಗುವ ಜಾಗಕ್ಕೆ ಭಸ್ಮವನ್ನು ಔಷಧಿಯೆಂದು ತುಂಬುವುದು ಸಲ್ಲದು. ಹಣೆಯ ಮೇಲಿನ ಇಸುಬು ಮಾಯುವ ತನಕ ತುಸು ಕಡಿಮೆ ಧರಿಸಿದರೆ ಭಕ್ತಿಗೆ ಕುಂದು ಬಾರದು.

ಮಾಡದ ಮೇಲಿನ ಮುಲಾಮುಗಳು

ಮಟಮಾರಿಯ ಆ ಮಾಡದ ಮೇಲಿದ್ದ ನಾಲ್ಕು ಕೊಳವೆಗಳನ್ನು ರಾಯಚೂರಿನ ವೈದ್ಯರೊಬ್ಬರಿಗೆ ತೋರಿಸಿದಾಗ ಅವರು ನಿಟ್ಟುಸಿರು ಬಿಟ್ಟರು. ನಾಲ್ಕರಲ್ಲಿ ಮೂರು, ತೀವ್ರ ಸ್ಟಿರಾಯ್ಡ್ ಜೊತೆಗೆ ಬೂಷ್ಟಿನ ಔಷಧ, ರೋಗಾಣುನಾಶಕ ಎಲ್ಲವನ್ನೂ ಬೆರೆಸಿದ ಮುಲಾಮುಗಳು. ದೊಡ್ಡವರ ಅಂಗೈಯ ದಪ್ಪ ಚರ್ಮಕ್ಕೂ ಎಣಿಸಿ ಬಳಸಬೇಕಾದುದನ್ನು ಕೂಸಿನ ಕೆನ್ನೆಗೆ ಹಚ್ಚಲಾಗಿತ್ತು.

ಇಲ್ಲಿ ಎರಡು ತಪ್ಪುಗಳನ್ನು ಮಾಡಬಾರದು. ಸ್ಟಿರಾಯ್ಡ್ ಎಂದ ಕೂಡಲೆ ವಿಷವೆಂದು ಓಡುವುದು ಒಂದು ತಪ್ಪು. 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮಿನ ಗುಣ ತಿಳಿದುಬಂದ ಮೇಲೆಯೇ ಇಸುಬಿನವರಿಗೆ ನಿಜವಾದ ನೆಮ್ಮದಿ ದೊರೆತುದು. ಸರಿಯಾದ ಶಕ್ತಿಯದನ್ನು, ಸರಿಯಾದ ಜಾಗಕ್ಕೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅದು ನಿರಪಾಯಕಾರಿ. ಅಂಗಡಿಯವನು ಕೊಟ್ಟನೆಂದು ತಿಂಗಳುಗಟ್ಟಲೆ ಹಚ್ಚುವುದು ಎರಡನೆಯ ತಪ್ಪು. ಅದರಿಂದ ಚರ್ಮವು ಕಾಗದದಂತೆ ತೆಳ್ಳಗಾಗುತ್ತದೆ, ನರಗಳು ಕಾಣುತ್ತವೆ, ಬಿರುಕಿನ ಗೆರೆಗಳು ಮೂಡುತ್ತವೆ. ನಿಲ್ಲಿಸಿದರೆ ಇಮ್ಮಡಿಯಾಗಿ ಕೆರಳುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಗೊತ್ತುಪಡಿಸಿತು. ಕಾನೂನು ಕಾಗದದಲ್ಲಿದ್ದರೆ ಸಾಲದು, ಕೊಳ್ಳುವವರ ಮನಸ್ಸಿನಲ್ಲಿಯೂ ಇರಬೇಕು.

ತುರಿಸುವುದೆಲ್ಲ ಇಸುಬಲ್ಲವೆಂಬುದನ್ನೂ ನೆನಪಿಡಬೇಕು. ಅಂಚು ಕೆಂಪಾಗಿ, ನಡು ತಿಳಿಯಾಗಿ, ಬಳೆಯಂತೆ ಹರಡಿದರೆ ಅದು ಗಜಕರ್ಣ, ಬೂಷ್ಟಿನಿಂದ ಬರುವುದು. ಅದಕ್ಕೆ ಸ್ಟಿರಾಯ್ಡ್ ಹಚ್ಚಿದರೆ ಎರಡು ದಿನ ತುರಿಕೆ ತಗ್ಗಿ, ಬಳಿಕ ರೂಪ ಮರೆಸಿಕೊಂಡು ಮೈಯೆಲ್ಲ ಹಬ್ಬುತ್ತದೆ. ಬೆರಳ ಸಂದಿಗಳಲ್ಲಿ ಗುಳ್ಳೆಯೆದ್ದು, ರಾತ್ರಿ ತುರಿಕೆ ಹೆಚ್ಚಿ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಬಂದರೆ ಅದು ಕಜ್ಜಿ. ನುಸಿಯಂಥ ಸಣ್ಣ ಜೀವಿಯಿಂದ ಬರುವುದು. ಅದಕ್ಕೆ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಇವೆರಡೂ ಅಂಟುತ್ತವೆ, ಇಸುಬು ಅಂಟುವುದಿಲ್ಲ. ಇವುಗಳ ಭೇದವನ್ನು ಗುರುತಿಸಬಲ್ಲವರು ವೈದ್ಯರೇ.

ನಿತ್ಯದ ಆರೈಕೆ

ತಾಯಂದಿರು ಈ ಕೆಳಗಿನ ಮಾತುಗಳನ್ನು ಬರೆದಿಟ್ಟುಕೊಂಡರೆ ಒಳ್ಳೆಯದು.

ಸ್ನಾನವು ದಿನಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಹಂಡೆಯ ಕುದಿನೀರು ಹಾಕಿದಾಗ ತುರಿಕೆಗೆ ಹಿತವೆನಿಸುತ್ತದೆ, ಆದರೆ ಅದು ಗೋಡೆಯ ಮಣ್ಣನ್ನು ಕರಗಿಸುತ್ತದೆ. ಕಡಲೆಹಿಟ್ಟು, ಸೀಗೆ, ನಾರು ಹಾಕಿ ತಿಕ್ಕುವುದು ಬೇಡ. ಮೃದು ಸಾಬೂನನ್ನು ಕೊಳೆಯಾದ ಜಾಗಕ್ಕೆ ಮಾತ್ರ ಬಳಸಬೇಕು. ಬಟ್ಟೆಯಿಂದ ಉಜ್ಜದೆ, ಒತ್ತಿ ಒರೆಸಬೇಕು.

ಮೈಯಲ್ಲಿ ತೇವವಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು. ನಾವು ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ ಅದನ್ನು ತೊಳೆದು ಬಿಡುತ್ತೇವೆ. ಇಸುಬಿನವರಿಗೆ ಸ್ನಾನದ ನಂತರದ ಜಿಡ್ಡೇ ಮುಖ್ಯ. ಸುವಾಸನೆಯಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿಯು ಅಗ್ಗವೂ ಹೌದು, ಗುಣಕಾರಿಯೂ ಹೌದು. ಶುದ್ಧ ಕೊಬ್ಬರಿ ಎಣ್ಣೆಯೂ ಆಗಬಹುದು. ಸಾಸಿವೆ ಎಣ್ಣೆ ಉರಿ ತರುತ್ತದೆ. ದಿನಕ್ಕೆ ಎರಡು ಸಲವಾದರೂ, ಇಸುಬು ಮಾಯ್ದ ಮೇಲೂ ಹಚ್ಚುತ್ತಿರಬೇಕು. ಎಷ್ಟು ಬೇಕೆಂದರೆ, ಮೈತುಂಬ ಇಸುಬುಳ್ಳ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ನಾವು ಬೊಟ್ಟಿನಷ್ಟು ಸವರಿ ಗುಣವಾಗಲಿಲ್ಲವೆನ್ನುತ್ತೇವೆ.

ವೈದ್ಯರು ಕೊಟ್ಟ ಸ್ಟಿರಾಯ್ಡ್ ಮುಲಾಮಿಗೂ ಅಳತೆಯುಂಟು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಬೆರಳುಸಹಿತವಾದ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು.

ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಬೇಕು. ಮೈಗೆ ತಾಗುವುದು ಹತ್ತಿಯ ಬಟ್ಟೆಯಿರಲಿ. ಉಣ್ಣೆ, ಜರಿ ಬೇಡ. ಬಟ್ಟೆ ಒಗೆದ ಪುಡಿಯು ಉಳಿಯದಂತೆ ಜಾಲಿಸಬೇಕು. ‘ತುರಿಸಬೇಡ’ ಎಂದು ಮಗುವಿನ ಕೈಗೆ ಹೊಡೆಯುವುದರಿಂದ ಪ್ರಯೋಜನವಿಲ್ಲ. ಅದು ಬೇಕೆಂದು ತುರಿಸುವುದಿಲ್ಲ. ತಣ್ಣೀರಿನ ಮೆತ್ತನೆಯ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿಯಿರಿ.

ಪಥ್ಯದ ಹೆಸರಿನಲ್ಲಿ ಮಗುವನ್ನು ಒಣಗಿಸಬೇಡಿ. ಬದನೆ ನಂಜು, ಶೇಂಗಾ ನಂಜು, ಹಾಲು ನಂಜು ಎಂದು ಒಂದೊಂದಾಗಿ ಬಿಡಿಸಿ, ಕೊನೆಗೆ ಬಾಣಂತಿಗೂ ಬಿಳಿ ಅನ್ನವನ್ನಷ್ಟೆ ಉಳಿಸುವ ಮನೆಗಳನ್ನು ಕಂಡಿದ್ದೇನೆ. ಯಾವುದಾದರೂ ಪದಾರ್ಥ ತಿಂದ ಕೂಡಲೆ ದದ್ದು, ವಾಂತಿ, ತುಟಿ ಊತ ಕಂಡರೆ ವೈದ್ಯರಿಗೆ ತಿಳಿಸಿ, ಊಹೆಯಿಂದ ಬಿಡಿಸಬೇಡಿ. ಇಲ್ಲೊಂದು ಸ್ವಾರಸ್ಯವಿದೆ. ಒಡೆದ ಚರ್ಮದ ಮೂಲಕ ಒಳಹೊಕ್ಕ ಆಹಾರವನ್ನು ದೇಹವು ಶತ್ರುವೆಂದು ಬಗೆಯುವ ಸಂಭವವುಂಟು. ಬಾಯಿಯ ಮೂಲಕ ಬಂದುದನ್ನು ಮಿತ್ರನೆಂದು ಕಲಿಯುತ್ತದೆ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇಸುಬುಳ್ಳ ಕೂಸುಗಳಿಗೆ ಮೊದಲ ವರ್ಷದಲ್ಲಿಯೇ ಶೇಂಗಾ ಪದಾರ್ಥ ತಿನ್ನಿಸತೊಡಗಿದರೆ ಮುಂದೆ ಅದರ ಅಲರ್ಜಿ ಬಹಳ ಕಡಿಮೆಯಾಗುವುದೆಂದು ತೋರಿಸಿತು. ತೀವ್ರ ಇಸುಬಿದ್ದರೆ ವೈದ್ಯರನ್ನು ಕೇಳಿ, ನುಣ್ಣಗೆ ಅರೆದು ಕೊಡಬೇಕು; ಇಡೀ ಕಾಳು ಗಂಟಲಿಗೆ ಸಿಕ್ಕೀತು. ಆದರೆ ಬಿರಿದ ಚರ್ಮಕ್ಕೆ ಶೇಂಗಾ ಎಣ್ಣೆ ಹಚ್ಚುವುದು ಬೇಡ.

ಕೀವು, ಜೇನುಬಣ್ಣದ ಹಕ್ಕಳೆ, ಜ್ವರ, ಒಮ್ಮೆಲೆ ಎದ್ದ ನೋವಿನ ಗುಳ್ಳೆಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾನ್ವಿ, ದೇವದುರ್ಗಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ರಿಮ್ಸ್ ಇದೆ. ಮುಲಾಮಿಗೆ ಬಗ್ಗದ ತೀವ್ರ ಇಸುಬಿಗೂ ಇಂದು ಬೆಳಕಿನ ಚಿಕಿತ್ಸೆ, ಟ್ಯಾಕ್ರೊಲಿಮಸ್ ಮುಲಾಮು, ಹೊಸ ಬಗೆಯ ಗುಳಿಗೆ, ಚುಚ್ಚುಮದ್ದುಗಳು ಬಂದಿವೆ.

ಕೊನೆಯ ಮಾತು

ಚರ್ಮದ ಗೋಡೆಯನ್ನು ಜಿಡ್ಡಿನಿಂದ ಮೆತ್ತಬಹುದು. ಆದರೆ ನಾವು ಇಂಥವರ ಸುತ್ತ ಕಟ್ಟುವ ಇನ್ನೊಂದು ಗೋಡೆಯನ್ನು ನಾವೇ ಕೆಡವಬೇಕು. ಶಾಲೆಯಲ್ಲಿ ಇಸುಬಿನ ಮಗುವನ್ನು ಹಿಂದಿನ ಸಾಲಿಗೆ ಕೂಡಿಸಬೇಡಿ. ಕನ್ಯೆ ನೋಡಲು ಹೋದಾಗ ಮೊಣಕೈಯ ಕಪ್ಪನ್ನು ಕಂಡು ಮುಖ ತಿರುಗಿಸಬೇಡಿ. ಮಗಳಿಗೆ ಇಸುಬಿದ್ದರೆ ಮುಚ್ಚಿಡದೆ, ಇಂಥದು ಇದೆ, ಇದು ಅಂಟುವುದಿಲ್ಲ ಎಂದು ನೆಟ್ಟಗೆ ಹೇಳಿ. ಮುಚ್ಚಿಟ್ಟ ಮನೆಯ ಹುಡುಗಿಯು ಅತ್ತೆಯ ಮನೆಯಲ್ಲಿ ಔಷಧಿಯನ್ನೂ ಮುಚ್ಚಿಯೇ ಹಚ್ಚಬೇಕಾಗುತ್ತದೆ. ಕೊನೆಗೆ ಹಚ್ಚುವುದನ್ನೇ ಬಿಡುತ್ತಾಳೆ.

ಮಟಮಾರಿಯ ಕೂಸನ್ನು ಮರುವಾರವೇ ರಾಯಚೂರಿಗೆ ಕರೆದೊಯ್ದರು. ವೈದ್ಯರು ಹಳೆಯ ಕೊಳವೆಗಳನ್ನು ತೆಗೆದಿಟ್ಟು, ಒಂದು ಸೌಮ್ಯ ಮುಲಾಮನ್ನು ಕೆಲವು ದಿನಗಳಿಗೆ, ಒಂದು ದೊಡ್ಡ ಡಬ್ಬಿ ಜಿಡ್ಡನ್ನು ಎಲ್ಲ ದಿನಗಳಿಗೂ ಕೊಟ್ಟರು. ಮೊದಲ ಹದಿನೈದು ದಿನ ಕೆನ್ನೆ ಇನ್ನಷ್ಟು ಕೆಂಪಾಯಿತು; ಹಳೆಯ ಮುಲಾಮು ನಿಲ್ಲಿಸಿದುದರ ಫಲವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಮನೆಯವರು ತಾಳಿಕೊಂಡರು. ಯುಗಾದಿಗೆ ಹೋದಾಗ ಕೂಸಿನ ಕೈಯ ಚೀಲಗಳು ಹೋಗಿದ್ದವು. ಕೆನ್ನೆಯ ಮೇಲೆ ಒಣಕು ಇನ್ನೂ ಇತ್ತು. ಬೆವರು ಹೆಚ್ಚಾದ ದಿನ ಕೆಂಪೇರುತ್ತದೆ, ಮತ್ತೆ ಹಚ್ಚುತ್ತೇವೆ, ಮತ್ತೆ ತಗ್ಗುತ್ತದೆ ಎಂದು ಸೊಸೆ ಹೇಳಿದಳು. ಅವಳ ಮಾತಿನಲ್ಲಿ ಅಂಜಿಕೆಯಿರಲಿಲ್ಲ. ಹಿರಿಯ ತಾಯಿ ಕೂಸನ್ನು ಎತ್ತಿಕೊಂಡು ಬಂದು, ಪಡಸಾಲೆಯಲ್ಲಿ ಎಲ್ಲರ ಎದುರಿಗೆ ನನ್ನ ತೊಡೆಯ ಮೇಲೆ ಕೂಡಿಸಿದರು.

ಆ ಕೂಸು ತನ್ನ ಕೈಯಿಂದ ನನ್ನ ತಟ್ಟೆಯ ಅನ್ನವನ್ನು ಮುಟ್ಟಿತು. ನಾನು ತಟ್ಟೆಯನ್ನು ಸರಿಸಲಿಲ್ಲ. ಐವತ್ತು ವರ್ಷಗಳ ಹಿಂದೆ ಪಂಕ್ತಿಯ ಕೊನೆಯಲ್ಲಿ ಕುಳಿತ ಆ ಗೆಳೆಯನು ಈಗ ಎಲ್ಲಿರುವನೋ ತಿಳಿಯದು. ಅವನಿಗೆ ಹೇಳಬೇಕಾಗಿದ್ದ ಮಾತನ್ನು ನಿಮ್ಮ ಮುಂದೆ ಹೇಳಿದ್ದೇನೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥ ಮಗುವೊಂದಿದ್ದರೆ ಮೊದಲು ಹತ್ತಿರ ಕೂಡಿಸಿಕೊಳ್ಳಿರಿ. ಆ ಮೇಲೆ ವೈದ್ಯರಲ್ಲಿಗೆ ಕರೆದೊಯ್ಯಿರಿ.